ಕೆಂಪು ಜಿನ್‌ಸೆಂಗೋ, ಅಮೆರಿಕದ್ದೋ, ಡಾಂಗ್‌ಶೆನ್ನೋ? ಮೂರನ್ನೂ ಕುಡಿದು ನೋಡಿದ ಮೇಲೆ

ಸಿಂಗಪುರದಲ್ಲಿರುವ ಕನ್ನಡದವರು ಊರಿಗೆ ಹೊರಟಾಗ ನನ್ನನ್ನು ಕೇಳುವುದುಂಟು: "ಅಪ್ಪನಿಗೆ ತುಂಬಾ ಸುಸ್ತಂತೆ, ಜಿನ್‌ಸೆಂಗ್ ತಗೊಂಡು ಹೋಗ್ಲಾ?" ಸುಸ್ತಿಗೆಂದು ಚೀನೀ ವೈದ್ಯದಲ್ಲಿ ಕೊಡುವ ಬೇರು ಅದು. ತಗೊಂಡು ಹೋಗಬಹುದು, ಆದರೆ ಯಾವುದನ್ನು? ಇಲ್ಲಿನ ಚೀನೀ ಔಷಧದಂಗಡಿಗೆ ಹೋಗಿ ಸುಸ್ತು ಎಂದರೆ ಮೂರು ಬೇರುಗಳನ್ನು ಮುಂದಿಡುತ್ತಾರೆ. ಕೊರಿಯಾದ ಕೆಂಪು ಜಿನ್‌ಸೆಂಗ್, ಅಮೆರಿಕನ್ ಜಿನ್‌ಸೆಂಗ್, ಮತ್ತೆ ಡಾಂಗ್‌ಶೆನ್. ಒಂದರೊಡನೆ ಇನ್ನೊಂದನ್ನು ಬೆರೆಸದೆ, ನಡುವೆ ಬಿಡುವು ಕೊಟ್ಟು ಮೂರನ್ನೂ ಕುಡಿದಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ನನಗೆ ಒಗ್ಗಿದ್ದು ಅಮೆರಿಕನ್, ಮನೆಮಂದಿಗೆಲ್ಲ ಒಗ್ಗಿದ್ದು ಡಾಂಗ್‌ಶೆನ್. ಅತಿ ದುಬಾರಿಯಾದ ಕೆಂಪು ಬೇರನ್ನು ಮಾತ್ರ ಯಾರಿಗೂ ಕಣ್ಣುಮುಚ್ಚಿ ಉಡುಗೊರೆ ಕೊಡಬಾರದು.

ಉಷ್ಣ, ತಂಪು ಎಂಬ ಲೆಕ್ಕ ನಮ್ಮ ಅಡುಗೆಮನೆಗಳಲ್ಲಿ ಇರುವಂತೆಯೇ ಚೀನೀ ವೈದ್ಯದಲ್ಲೂ ಇದೆ. ಅವರ ಪ್ರಕಾರ ಕೆಂಪು ಜಿನ್‌ಸೆಂಗ್ ಉಷ್ಣ, ಅಮೆರಿಕನ್ ತಂಪು, ಡಾಂಗ್‌ಶೆನ್ ಸಮ. ನಾನು ಹೋಗುವ ಅಂಗಡಿಯ ಹಿರಿಯ ಹೆಂಗಸು ಬೇರು ತೂಗುವ ಮೊದಲು ಬೆಲೆ ಹೇಳುವುದಿಲ್ಲ. ನಿದ್ದೆ ಹೇಗಿದೆ, ಬಾಯಿ ಒಣಗುತ್ತದಾ, ಕೈಕಾಲು ತಣ್ಣಗಿರುತ್ತವಾ, ನೆಗಡಿ ಜ್ವರ ಏನಾದರೂ ಇದೆಯಾ ಎಂದು ಕೇಳುತ್ತಾರೆ. ಜ್ವರ ಇದ್ದರೆ ಯಾವ ಜಿನ್‌ಸೆಂಗನ್ನೂ ಕೊಡುವುದಿಲ್ಲ. ಮೈಯೊಳಗೆ ಜ್ವರವೆಂಬ ಕಳ್ಳ ಇರುವಾಗ ಟಾನಿಕ್ ಕೊಟ್ಟು ಬಾಗಿಲು ಹಾಕಬಾರದು ಎಂಬುದು ಅವರಲ್ಲಿ ರೂಢಿಯ ಮಾತು.

ಕೆಂಪು ಬೇರನ್ನೇ ಮೊದಲು ನೋಡೋಣ. ಇದು ಏಷ್ಯಾದ ಜಿನ್‌ಸೆಂಗ್ ಗಿಡದ್ದು. ಕೊರಿಯಾದಲ್ಲಿ ಸಾಮಾನ್ಯವಾಗಿ ಆರು ವರ್ಷ ಬೆಳೆದ ಬೇರನ್ನು ಕಿತ್ತು, ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಆ ಹಬೆಗೇ ಬೇರು ಕೆಂಪುಕಂದಾಗುತ್ತದೆ, ಅದರಲ್ಲಿರುವ ಜಿನ್‌ಸೆನೊಸೈಡ್ ಎಂಬ ರಾಸಾಯನಿಕಗಳಲ್ಲಿ ಕೆಲವು ರೂಪ ಬದಲಿಸುತ್ತವೆ. ನಾನು ತಂದದ್ದು ಗಟ್ಟಿ ಸಾರದ ಬಾಟಲಿ, ಜೊತೆಗೆ ಒಂದು ಗ್ರಾಂ ಹಿಡಿಯುವ ಪುಟ್ಟ ಚಮಚ. ಬಿಸಿನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ. ವಾಸನೆ ಒದ್ದೆ ಮಣ್ಣಿನದು, ಕಹಿ ನಾಲಿಗೆಯ ಬುಡದಲ್ಲಿ ನಿಂತುಬಿಡುತ್ತದೆ. ಮಧ್ಯಾಹ್ನ ಊಟವಾದ ಮೇಲಿನ ತೂಕಡಿಕೆ ಕಡಿಮೆಯಾಯಿತು, ಅದು ನಿಜ. ಆದರೆ ರಾತ್ರಿ ಹನ್ನೊಂದಾದರೂ ಕಣ್ಣು ಎಳೆಯುತ್ತಿರಲಿಲ್ಲ. ಬೆಳಿಗ್ಗೆಯೇ ಕುಡಿದು ನೋಡಿದೆ, ಅರ್ಧ ಚಮಚಕ್ಕೆ ಇಳಿಸಿ ನೋಡಿದೆ, ಆದರೂ ಬಾಯಿ ಹುಣ್ಣು ಬಂತು. ವರ್ಷವಿಡೀ ಬೆವರುವ ಈ ಊರಿನಲ್ಲಿ ನನ್ನ ಮೈಗೆ ಅದು ಬೇಕಿರಲಿಲ್ಲ. ಜಿನ್‌ಸೆಂಗ್‌ನಿಂದ ನಿದ್ದೆ ಕೆಡುವುದು ಸಾಮಾನ್ಯವಾಗಿ ಕಾಣುವ ಅಡ್ಡಪರಿಣಾಮ. ನಿದ್ದೆ ಕೆಡಿಸಿಕೊಂಡು ಪಡೆದ ಚೈತನ್ಯವನ್ನು ನಾನು ಆರೋಗ್ಯ ಎಂದು ಕರೆಯಲಾರೆ. ಇದೇ ಬೇರು ಸದಾ ಚಳಿ ಎನ್ನುವ, ಕೈಕಾಲು ತಣ್ಣಗಿರುವ ನನ್ನ ಗೆಳತಿಗೆ ಚೆನ್ನಾಗಿ ಒಗ್ಗಿದೆ. ಅದನ್ನೂ ಹೇಳಬೇಕು.

ಅಮೆರಿಕನ್ ಜಿನ್‌ಸೆಂಗ್‌ನ ಕಥೆಯೇ ಸ್ವಾರಸ್ಯ. ಚೀನಾದಲ್ಲಿದ್ದ ಜಾರ್ತು ಎಂಬ ಜೆಸ್ಯೂಟ್ ಪಾದ್ರಿ ಜಿನ್‌ಸೆಂಗ್ ಗಿಡವನ್ನು ವರ್ಣಿಸಿ 1711ರಲ್ಲಿ ಪತ್ರ ಬರೆದಿದ್ದರು. ಅದನ್ನು ಓದಿದ ಲಾಫಿತೊ ಎಂಬ ಇನ್ನೊಬ್ಬ ಪಾದ್ರಿ 1716ರಲ್ಲಿ ಕೆನಡಾದ ಮಾಂಟ್ರಿಯಲ್ ಹತ್ತಿರದ ಕಾಡಿನಲ್ಲಿ ಅದರ ದಾಯಾದಿ ಗಿಡವನ್ನು ಪತ್ತೆ ಮಾಡಿದರು. 1784ರಲ್ಲಿ ನ್ಯೂಯಾರ್ಕಿನಿಂದ ಚೀನಾದ ಕ್ಯಾಂಟನ್‌ಗೆ ಹೊರಟ 'ಎಂಪ್ರೆಸ್ ಆಫ್ ಚೈನಾ' ಹಡಗಿನ ಮುಖ್ಯ ಸರಕು ಇದೇ ಬೇರು. ಇಂದಿಗೂ ಅಮೆರಿಕದ ವಿಸ್ಕಾನ್ಸಿನ್ ಮತ್ತು ಕೆನಡಾದ ಒಂಟಾರಿಯೊದಲ್ಲಿ ಬೆಳೆದದ್ದು ಇಲ್ಲಿಗೆ ಬರುತ್ತದೆ. ಹಾಗಾಗಿ ಚೀನೀ ಟಾನಿಕ್ ಎಂದು ನಾವು ಕುಡಿಯುವ ಈ ಬೇರು ಹುಟ್ಟಿದ್ದು ಸಾಗರದಾಚೆ.

ಒಳ್ಳೆಯ ಬೇರಿನ ಸಿಪ್ಪೆಯ ಮೇಲೆ ಸುತ್ತಲೂ ಸಣ್ಣ ಗೆರೆಗಳಿರುತ್ತವೆ, ಒಳಗೆ ಕೆನೆಬಣ್ಣ. ಏಳೆಂಟು ತೆಳು ಬಿಲ್ಲೆಗಳನ್ನು ಮುಚ್ಚಳವಿರುವ ಲೋಟಕ್ಕೆ ಹಾಕಿ ಕುದಿನೀರು ಹೊಯ್ದು ಕಾಲು ಗಂಟೆ ಬಿಟ್ಟರೆ ನೀರು ತಿಳಿಹಳದಿಯಾಗುತ್ತದೆ. ಮೊದಲ ಗುಟುಕು ಕಹಿ, ನುಂಗಿದ ಮೇಲೆ ಗಂಟಲಲ್ಲಿ ಸಿಹಿ ಏಳುತ್ತದೆ. ಅದೇ ಬಿಲ್ಲೆಗಳಿಗೆ ಮತ್ತೆರಡು ಸಲ ನೀರು ಹೊಯ್ಯಬಹುದು, ಕೊನೆಗೆ ಅಗಿದು ತಿನ್ನಬಹುದು. ದಿನವಿಡೀ ಏಸಿಯಲ್ಲಿ ಕೂತು ಮಾತಾಡುವ ನನ್ನ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿದೆ. ಗಂಟಲು ಒಣಗುವುದು ತಗ್ಗಿತು, ನಿದ್ದೆ ಕೆಡಲಿಲ್ಲ. ಸುಸ್ತು? ಎರಡನೆಯ ತಿಂಗಳಿನಲ್ಲಿ ಸಂಜೆಗಳು ಸ್ವಲ್ಪ ಹಗುರಾದವು ಅನಿಸಿತು. ಅದರ ಪೂರ್ತಿ ಶ್ರೇಯಸ್ಸು ಬೇರಿಗೇ ಎನ್ನಲಾರೆ, ಬಿಸಿನೀರು ಕುಡಿಯುವುದೂ ಆಗ ಹೆಚ್ಚಿತ್ತು.

ಸಂಶೋಧನೆಯೂ ಈ ಬೇರಿನ ಬಗ್ಗೆ ಏನೋ ಒಂದಿಷ್ಟು ಹೇಳುತ್ತದೆ. 2000ರಲ್ಲಿ ಪ್ರಕಟವಾದ ಟೊರೊಂಟೊದ ಸಣ್ಣ ಅಧ್ಯಯನದಲ್ಲಿ, ಗ್ಲೂಕೋಸ್ ಕುಡಿಯುವ 40 ನಿಮಿಷ ಮೊದಲು 3 ಗ್ರಾಂ ಪುಡಿ ತೆಗೆದುಕೊಂಡವರ ರಕ್ತದ ಸಕ್ಕರೆ ಕಡಿಮೆ ಏರಿತು. 2013ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ತಂಡ, ಕ್ಯಾನ್ಸರ್‌ನ ಬಳಲಿಕೆ ಇದ್ದವರಿಗೆ ದಿನಕ್ಕೆ 2 ಗ್ರಾಂ ಕೊಟ್ಟಾಗ ಎಂಟನೆಯ ವಾರಕ್ಕೆ ಬಳಲಿಕೆ ತಗ್ಗಿದ್ದನ್ನು ವರದಿ ಮಾಡಿತು. ನಾಲ್ಕನೆಯ ವಾರಕ್ಕೆ ಅಷ್ಟು ಸ್ಪಷ್ಟ ಫಲ ಇರಲಿಲ್ಲ. ಇಷ್ಟಕ್ಕೇ ಇದು ಮದ್ದು ಎಂದು ಸಾರುವ ಹಾಗಿಲ್ಲ. ಆದರೆ ಒಂದು ಲೋಟ ಕುಡಿದು ಮಾರನೆಯ ದಿನವೇ ಗುಣ ಹುಡುಕುವವರು ಆ ಎಂಟು ವಾರವನ್ನು ನೆನಪಿಡಬೇಕು.

ಡಾಂಗ್‌ಶೆನ್ ಜಿನ್‌ಸೆಂಗ್ ಕುಲದ್ದೇ ಅಲ್ಲ, ಗಂಟೆಹೂವಿನ ಬಳಗದ ಬಳ್ಳಿಯ ಬೇರು. ಬಡವರ ಜಿನ್‌ಸೆಂಗ್ ಎನ್ನುತ್ತಾರೆ. ನಾಲ್ಕೈದು ಕಡ್ಡಿ, ಬೀಜ ತೆಗೆದ ಕೆಂಪು ಖರ್ಜೂರದಂಥ ಚೀನೀ ಹಣ್ಣು, ಗೋಜಿ ಎಂಬ ಸಣ್ಣ ಕೆಂಪು ಒಣಹಣ್ಣು ಒಂದು ಹಿಡಿ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿದರೆ ತಾನೇ ಸಿಹಿಯಾಗುತ್ತದೆ, ಬೆಲ್ಲವೂ ಬೇಡ. ಮಕ್ಕಳೂ ಕೇಳಿ ಕುಡಿಯುತ್ತಾರೆ. ಶಿವಮೊಗ್ಗದಿಂದ ಬಂದಿದ್ದ ನಮ್ಮತ್ತೆ "ಕಷಾಯ ಅಂದ್ರೆ ಕಹೀನೇ ಇರ್ಬೇಕು ಅಂತೇನಿಲ್ಲ ಬಿಡು" ಎಂದು ಎರಡನೇ ಲೋಟಕ್ಕೆ ಕೈ ಚಾಚಿದರು. ಗುಣ ಮೆಲ್ಲಗೆ: ಊಟ ಸೇರುತ್ತದೆ, ಹೊಟ್ಟೆ ಹಗುರ. ಅದಕ್ಕಿಂತ ದೊಡ್ಡ ಬದಲಾವಣೆ ನನಗೆ ಕಂಡಿಲ್ಲ. ಕೊಳ್ಳುವಾಗ ತೀರಾ ಬಿಳಿಚಿಕೊಂಡ ಕಡ್ಡಿ ಬೇಡ, ಮೂಸಿದರೆ ಹುಳಿ ವಾಸನೆ ಬಂದರೆ ಗಂಧಕದ ಹೊಗೆ ಕೊಟ್ಟಿರಬಹುದು.

ಜಿನ್‌ಸೆಂಗ್ ಕುಡಿಯುವ ದಿನ ಮೂಲಂಗಿ ತಿನ್ನಬಾರದು ಎಂಬ ಕಟ್ಟುಪಾಡೂ ಅವರಲ್ಲಿದೆ, ಬೇರಿನ ಬಲ ಇಳಿಯುತ್ತದಂತೆ. ನಮ್ಮ ಮನೆಯಲ್ಲಿ ಮೂಲಂಗಿ ಹುಳಿ ಮಾಡಿದ ದಿನ ಲೋಟಕ್ಕೆ ರಜೆ. ಇನ್ನು ಅಶ್ವಗಂಧವೂ ಇದೂ ಒಂದೇನಾ ಎಂದು ಕೇಳುವವರಿಗೆ: ಅಲ್ಲ. ಅಶ್ವಗಂಧ ಬದನೆಯ ಕುಟುಂಬದ್ದು, ಇವುಗಳಿಗೆ ಸಂಬಂಧವೇ ಇಲ್ಲ.

ಈಗ ಊರಿನ ಅಪ್ಪನ ವಿಷಯ. ಸೂಟ್‌ಕೇಸ್ ತುಂಬುವ ಮೊದಲು ಅವರು ನುಂಗುವ ಮಾತ್ರೆಗಳ ಚೀಟಿಯ ಫೋಟೋ ತರಿಸಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಇದ್ದರೆ ಮೂರರಲ್ಲಿ ಯಾವುದೂ ಬೇಡ. ಅಮೆರಿಕನ್ ಜಿನ್‌ಸೆಂಗ್ ಆ ಮಾತ್ರೆಯ ಬಲ ತಗ್ಗಿಸುತ್ತದೆ ಎಂದು 2004ರ ಅಧ್ಯಯನವೊಂದು ತೋರಿಸಿದೆ. ಸಕ್ಕರೆಯ ಮಾತ್ರೆ, ಬಿಪಿ ಮಾತ್ರೆ ಇದ್ದರೆ ಅವರ ಡಾಕ್ಟರನ್ನು ಕೇಳದೆ ಕೊಡಬೇಡಿ. ಅಂಗಡಿಯಲ್ಲಿ ಡಾಂಗ್‌ಶೆನ್ ಕೇಳುವಾಗ ಬಾಯಿಬಿಟ್ಟು ಸ್ಪಷ್ಟವಾಗಿ ಹೇಳಿ, ಬರೆಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ಡಾನ್‌ಶೆನ್ ಎಂಬ ಇನ್ನೊಂದು ಬೇರಿದೆ, ಹೊರಗೆ ಇಟ್ಟಿಗೆಗೆಂಪು ಬಣ್ಣ. ಅದು ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪೊಟ್ಟಣ ಬಿಚ್ಚಿದಾಗ ಕಡ್ಡಿಗಳು ಕೆಂಪಗಿದ್ದರೆ ಅಲ್ಲೇ ವಾಪಸ್ ಕೊಟ್ಟುಬನ್ನಿ.