ಡರ್ಟ್ ಬೈಕಿನ ಜೊತೆ ಮೂರು ಮಳೆಗಾಲ: ಎರಡನೇ ಗೇರಿನ ರಗಳೆ

ಮಣ್ಣುದಾರಿಗೆ ಅಂತಲೇ ಮಾಡಿದ ಈ ಬೈಕಿನ ಕಂಪನಿ ಹೆಸರು ಬರೆಯಲ್ಲ. ಯಾಕಂದ್ರೆ ಈ ಕತೆಯಲ್ಲಿ ಅವರಿಗಿಂತ ನನ್ನ ತಪ್ಪೇ ಜಾಸ್ತಿ. ಪವರ್, ಸಸ್ಪೆನ್ಷನ್, ಮೈಲೇಜ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನೂ ಬಿಡುತ್ತೇನೆ. ನಾನು ಹೇಳಬೇಕಾದ್ದು ಗೇರಿನದು.

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಟಾರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ. ಜೂನ್ ಬಂತೆಂದರೆ ಅಲ್ಲಿ ಜೀಪು ಬಿಟ್ಟು ಬೇರೇನೂ ಹತ್ತಲ್ಲ. ಜೀಪಿನ ಡೀಸೆಲ್ ಖರ್ಚಿಗೆ ಹೆದರಿ ಈ ಬೈಕನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲ ಎರಡು ಮಳೆಗಾಲ ಆನೆ ಹಾಗೆ ನಡೀತು.

ಮೂರನೇ ಮಳೆಗಾಲದಲ್ಲಿ ಶುರುವಾಯ್ತು. ಏರಿನಲ್ಲಿ ಒಂದರಿಂದ ಎರಡಕ್ಕೆ ಹಾಕಿದರೆ ಎಂಜಿನ್ ಸುಮ್ಮನೆ ಕೂಗುತ್ತೆ, ಗಾಡಿ ಹಿಂದಕ್ಕೆ ಜಾರುತ್ತೆ. ನೋಡಿದರೆ ನ್ಯೂಟ್ರಲ್ ದೀಪ ಹಸಿರಾಗಿ ಉರೀತಿರುತ್ತೆ. ಹಿಂದೆ ಗೊಬ್ಬರದ ಮೂಟೆ ಕಟ್ಟಿಕೊಂಡು ಅರ್ಧ ಏರಲ್ಲಿ ಹೀಗಾದರೆ ಬರುವ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಪೇಟೆಯ ಸರ್ವೀಸ್ ಸೆಂಟರಿಗೆ ಒಯ್ದೆ. ಹುಡುಗ ಐದು ನಿಮಿಷ ಓಡಿಸಿ ಬಂದು, "ಗೇರ್ ಬಾಕ್ಸ್ ಹೋಗಿದೆ ಸಾರ್, ಎಂಜಿನ್ ಇಳಿಸ್ಬೇಕು, ಹದಿನಾಲ್ಕು ಸಾವಿರ ಆಗ್ಬಹುದು" ಅಂದ. ಗಾಡಿಗೆ ಕೊಟ್ಟ ದುಡ್ಡೇ ಕಣ್ಣೆದುರು ಬಂತು. ಆಮೇಲೆ ತರ್ತೀನಿ ಅಂತ ಹೇಳಿ ವಾಪಸ್ ಬಂದೆ. ಆ ವಾರವಿಡೀ ಗಾಡಿ ಮಾರಿಬಿಡುವ ಯೋಚನೆಯಲ್ಲೇ ಇದ್ದೆ.

ಭಾನುವಾರ ಮಳೆ ಹೊಳವಾದಾಗ ಅಂಗಳದಲ್ಲೇ ಕೂತೆ. ಮೊದಲು ಕ್ಲಚ್. ಲಿವರ್ ತುದಿಯಲ್ಲಿ ಎರಡು ಬೆರಳಷ್ಟು ಸಡಿಲ ಇತ್ತು. ಅಷ್ಟು ಸಡಿಲ ಇದ್ದರೆ ಪೂರ್ತಿ ಒತ್ತಿದರೂ ಕ್ಲಚ್ ಪೂರ್ತಿ ಬಿಡಲ್ಲ. ಕೇಬಲ್ ಎಳೆದು 10–15 ಮಿಲಿಮೀಟರಿಗೆ ತಂದೆ. ಕ್ಲಚ್ ಹಿಡಿದು ಮೊದಲ ಗೇರಲ್ಲಿ ನಿಂತಾಗ ಗಾಡಿ ಮುಂದಕ್ಕೆ ತೆವಳುತ್ತಿದ್ದದ್ದು ನಿಂತಿತು, ಆದರೆ ಎರಡನೇ ಗೇರಿನ ರೋಗ ಹಾಗೇ ಉಳೀತು. ಆಮೇಲೆ ಆಯಿಲ್ ಇಳಿಸಿ ಹಳೇ ಪಂಚೆಯ ತುಂಡಲ್ಲಿ ಸೋಸಿದೆ. ಗೇರಿನ ಹಲ್ಲು ಮುರಿದಿದ್ದರೆ ಲೋಹದ ಚೂರು ಸಿಗಬೇಕಿತ್ತು. ಒಂದೂ ಇರಲಿಲ್ಲ. ಇನ್ನೊಂದು ವಿಷಯ ಆಗಲೇ ಹೊಳೀತು. ಸರಿಯಾಗಿ ಬಿದ್ದ ಗೇರು ಆಕ್ಸಿಲರೇಟರ್ ಕೊಟ್ಟಾಗ ಜಿಗಿದು ಹೊರಬಂದರೆ ಅದು ಒಳಗಿನ ಸವೆತ, ಆಗ ಎಂಜಿನ್ ಬಿಚ್ಚಲೇಬೇಕು. ನನ್ನದು ಹಾಗಲ್ಲ, ಗೇರು ಬೀಳ್ತಾನೇ ಇರಲಿಲ್ಲ.

ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಹಿಂದಿನ ಚಕ್ರ ಎತ್ತಿದೆ. ಎಂಜಿನ್ ಆಫ್. ಬಲಗೈಯಲ್ಲಿ ಚಕ್ರ ತಿರುಗಿಸುತ್ತಾ ಎಡಗೈಯಲ್ಲಿ ಗೇರ್ ಲಿವರ್ ಎತ್ತಿದರೆ ಟಕ್, ಟಕ್, ಟಕ್ ಅಂತ ಐದೂ ಗೇರು ಸಲೀಸಾಗಿ ಬಿದ್ದವು! ಕೈಗೆ ಬೀಳುವ ಗೇರು ಕಾಲಿಗೆ ಯಾಕೆ ಬೀಳಲ್ಲ? ಬಗ್ಗಿ ನೋಡಿದೆ. ಎಂಜಿನ್ನಿನ ಎಡಬದಿಯ ಮುಚ್ಚಳ, ಅಂದ್ರೆ ಮ್ಯಾಗ್ನೆಟ್ ಕವರಿನ ಮೇಲೆ ಉಗುರಿನಷ್ಟು ಅಗಲದ ಗೀರು, ಹೊಸ ಪಾತ್ರೆ ಹಾಗೆ ಹೊಳೀತಿತ್ತು. ಮೇ ತಿಂಗಳಲ್ಲಿ ಚರಂಡಿಗೆ ಎಡಮಗ್ಗುಲಾಗಿ ಬಿದ್ದಿದ್ದೆ, ಲಿವರ್ ಒಳಕ್ಕೆ ಬಾಗಿ ಕವರಿಗೆ ಉಜ್ಜುತ್ತಿತ್ತು. ಪ್ರತಿ ಗೇರಾದ ಮೇಲೂ ಲಿವರ್ ನಡುವಿಗೆ ವಾಪಸ್ ಬರಬೇಕು, ಬರದಿದ್ದರೆ ಮುಂದಿನದು ಹಿಡಿಯಲ್ಲ. ಕೈಯಲ್ಲಿ ಎತ್ತುವಾಗ ಗೊತ್ತಿಲ್ಲದೆ ಹೊರಕ್ಕೆ ಎಳೀತಿದ್ದೆ, ಕಾಲಲ್ಲಿ ಒಳಕ್ಕೆ ಒತ್ತುತ್ತಿದ್ದೆ. ಅದರ ಮೇಲೆ ನನ್ನ ಗಂಬೂಟು. ಆ ದಪ್ಪ ಮೂತಿ ಲಿವರ್ ಅಡಿಗೆ ಪೂರ್ತಿ ನುಗ್ಗುತ್ತಿರಲಿಲ್ಲ. ನ್ಯೂಟ್ರಲ್ ಇರೋದು ಒಂದು, ಎರಡರ ನಡುವೆ, ಅರ್ಧ ಎತ್ತಿದರೆ ನ್ಯೂಟ್ರಲ್ಲೇ ಗತಿ.

10ರ ಸ್ಪ್ಯಾನರಿನಲ್ಲಿ ಲಿವರಿನ ಬೋಲ್ಟನ್ನು ಪೂರ್ತಿ ಹೊರಗೆ ತೆಗೆದೆ. ಬರೀ ಸಡಿಲ ಮಾಡಿದರೆ ಲಿವರ್ ಬರಲ್ಲ, ಬೋಲ್ಟು ಲಿವರ್ ಕೂರುವ ಶಾಫ್ಟಿನ ಕಚ್ಚಿನಲ್ಲಿ ಕೂತಿರುತ್ತೆ. ಶಾಫ್ಟ್ ನೆಟ್ಟಗಿತ್ತು, ಸೀಲಿನಲ್ಲಿ ಆಯಿಲ್ ಒಸರಿರಲಿಲ್ಲ, ಪುಣ್ಯ. ವೆಲ್ಡಿಂಗ್ ಶೆಡ್ಡಿನವರು ಲಿವರನ್ನು ವೈಸಿನಲ್ಲಿ ಹಿಡಿದು ನೆಟ್ಟಗೆ ಮಾಡಿ, "ಇದಕ್ಕೆಲ್ಲಾ ದುಡ್ಡು ಯಾಕೆ ಮಾರಾಯ್ರೆ" ಅಂದರೂ ಐವತ್ತು ರೂಪಾಯಿ ಕೊಟ್ಟೆ. ವಾಪಸ್ ಹಾಕುವಾಗ ಶಾಫ್ಟಿನ ಹಲ್ಲುಗಳಲ್ಲಿ ಒಂದು ಹಲ್ಲು ಮೇಲಕ್ಕೆ ಕೂರಿಸಿದೆ, ಗಂಬೂಟಿಗೆ ಜಾಗ ಆಯ್ತು.

ಈಗ ದಿನಾ ಸಂಜೆ ಗಾಡಿಗೆ ನೀರು ಬಿಟ್ಟು, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಲಿವರಿನ ಸಂದಿಯ ಕೆಂಪು ಮಣ್ಣು ತೆಗೀತೀನಿ. ಒಣಗಿದರೆ ಅದು ಇಟ್ಟಿಗೆಯೇ. ಆಮೇಲೆ ಬೆರಳಲ್ಲಿ ಎರಡು ಸಲ ಎತ್ತಿ ಬಿಡೋದು, ಟಕ್ ಅಂತ ನಡುವಿಗೆ ಬಂದರೆ ಚೈನಿಗೆ ಆಯಿಲ್ ಹಾಕಿ ಒಳಗೆ ಹೋಗೋದು. ಮನೆಯವಳು "ಕಾಫಿ ಆರ್ತಾ ಇದೆ" ಅಂತ ಕೂಗೋ ತನಕ ಅಲ್ಲೇ ಇರ್ತೀನಿ.

ದೂರು ಒಂದು ಉಳಿದಿದೆ. ಎಂಜಿನ್ ಬಿಸಿಯಾದಾಗ ನಿಂತ ಮೇಲೆ ನ್ಯೂಟ್ರಲ್ ಸಿಗಲ್ಲ, ಗೇಟಿನ ಹತ್ತಿರ ಉರುಳುತ್ತಿರುವಾಗಲೇ ಹಾಕ್ಕೋಬೇಕು. ಕ್ಲಚ್ ಪ್ಲೇಟ್ ಇರಬಹುದು, ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬಂದ ಮೇಲೆ ಬಿಚ್ಚಿಸ್ತೀನಿ. ತುದಿ ಮಡಚುವ ಲಿವರ್ ಹಾಕಿಸು ಅಂತಾರೆ ಗೆಳೆಯರು. ಬಿದ್ದರೆ ಮಡಚಿಕೊಳ್ಳುತ್ತಂತೆ, ಬಾಗಲ್ಲವಂತೆ. ಇನ್ನೊಮ್ಮೆ ಬಿದ್ದರೆ ನೋಡೋಣ.