ನೆರೆಯ ಚಿತ್ರ ತೋರಿಸಿ ಹಣ ಕೇಳುವವರಿದ್ದಾರೆ: ಮುಧೋಳ ಭಾಗದಿಂದ ಒಂದು ಎಚ್ಚರಿಕೆ

ಅರ್ಧ ಕುಸಿದ ಮಣ್ಣಿನ ಗೋಡೆ, ಓರೆಯಾಗಿ ನೇತಾಡುವ ನೀಲಿ ಬಾಗಿಲು, ಅದರ ಮುಂದೆ ಮೊಣಕಾಲುದ್ದ ಕೆಸರು ನೀರಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಂತ ಹೆಣ್ಣುಮಗಳು. ಈ ಚಿತ್ರದ ಕೆಳಗೆ ಕ್ಯೂಆರ್ ಕೋಡ್ ಅಂಟಿಸಿ ‘ನೆರೆ ಸಂತ್ರಸ್ತರಿಗೆ ನೆರವಾಗಿ’ ಎಂದು ಬರೆದ ಮನವಿ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ದಯವಿಟ್ಟು ಹಣ ಕಳಿಸಬೇಡಿ. ಅದನ್ನು ಬೇರೆ ಗುಂಪಿಗೂ ದಾಟಿಸಬೇಡಿ. ಆಕೆ ನನ್ನ ಚಿಗವ್ವ. ಚಿತ್ರ ತೆಗೆದದ್ದು 2019ರ ಆಗಸ್ಟ್‌ನಲ್ಲಿ, ಮುಧೋಳ ತಾಲ್ಲೂಕಿನ ನಮ್ಮ ಊರಿನಲ್ಲಿ. ಆ ಚಿತ್ರ ತೋರಿಸಿ ಎತ್ತಿದ ಹಣದಲ್ಲಿ ಒಂದು ಪೈಸೆಯೂ ಆಕೆಗೆ ಮುಟ್ಟಿಲ್ಲ, ಊರಿನ ಬೇರೆ ಯಾರಿಗೂ ಮುಟ್ಟಿಲ್ಲ.

ಆ ವರ್ಷದ ನೆರೆಯನ್ನು ಈ ಭಾಗದವರಿಗೆ ನೆನಪಿಸಬೇಕಿಲ್ಲ. ದೂರದವರಿಗಾಗಿ ಹೇಳುತ್ತೇನೆ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳ ನೀರು ಎಲ್ಲವೂ ಒಟ್ಟಿಗೆ ಸೇರಿ ಘಟಪ್ರಭೆ ದಂಡೆ ಮೀರಿದಳು. ಗೋಕಾಕದ ಬಳಿ ಲೋಳಸೂರ ಸೇತುವೆ ಮುಳುಗಿತು, ಮುಧೋಳದಿಂದ ಯಾದವಾಡಕ್ಕೆ ಹೋಗುವ ಸೇತುವೆ ಮುಳುಗಿತು. ಅತ್ತ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು. ನಮ್ಮ ಊರಿನಲ್ಲಿ ಜನ ಉಟ್ಟ ಬಟ್ಟೆಯಲ್ಲೇ ದನಗಳ ಹಗ್ಗ ಬಿಚ್ಚಿ ಎತ್ತರದ ಶಾಲೆಗೆ ಹೋದರು. ನೀರು ಇಳಿದ ಮೇಲೆ ಮಣ್ಣಿನ ಗೋಡೆಗಳು ಬಿಸಿಲಿಗೆ ಒಂದೊಂದಾಗಿ ಬಿದ್ದವು.

ಆಗ ನೆರವು ಮೊದಲು ಬಂದದ್ದು ಮೊಬೈಲ್ ಮೂಲಕ ಎಂಬುದನ್ನು ಒಪ್ಪಲೇಬೇಕು. ಪುಣೆ, ಬೆಂಗಳೂರು, ಗೋವಾಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಗುಂಪು ಕಟ್ಟಿಕೊಂಡು ಚಾಪೆ, ಹೊದಿಕೆ, ಔಷಧ, ದನಗಳಿಗೆ ಮೇವು ಕಳಿಸಿದರು. ರಸ್ತೆ ಎಲ್ಲಿ ಕಡಿದಿದೆ, ಟ್ರ್ಯಾಕ್ಟರ್ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನು ಗಂಟೆಗಂಟೆಗೂ ತಿಳಿಸಿದವರು ಅವರೇ. ಹಾಗಾಗಿ ಈ ಬರಹವನ್ನು ಓದಿ ಯಾರೂ ಕೈ ಕಟ್ಟಿ ಕೂಡಬಾರದು. ಕೊಡುವ ಕೈಯನ್ನು ಯಾರು ಹೇಗೆ ತಮ್ಮ ಜೇಬಿಗೆ ತಿರುಗಿಸಿಕೊಂಡರು ಎಂಬುದನ್ನು ಮಾತ್ರ ಹೇಳುತ್ತೇನೆ.

ಚಿತ್ರವನ್ನು ತೆಗೆದವನು ನಮ್ಮ ಓಣಿಯ ಹುಡುಗ. ಊರಿನ ಪರಿಸ್ಥಿತಿ ಹೊರಗಿನವರಿಗೆ ತಿಳಿಯಲಿ ಎಂದು ಊರಿನ ಗುಂಪಿಗೆ ಹಾಕಿದ. ಮರುದಿನವೇ ಅದು ಬಣ್ಣದ ಮನವಿಯಾಗಿ ತಿರುಗಿ ಬಂತು. ಮೇಲೆ ಒಂದು ಸಮಿತಿಯ ಹೆಸರು, ಪಕ್ಕದಲ್ಲಿ ಈ ಭಾಗದ ಜನ ನಂಬುವ ಮಠವೊಂದರ ಚಿತ್ರ, ನಡುವೆ ಚಿಗವ್ವ, ಕೆಳಗೆ ಕ್ಯೂಆರ್ ಕೋಡ್. ‘ಗಂಡನಿಲ್ಲದ ಈ ತಾಯಿಗೆ ಮನೆ ಕಟ್ಟಿಕೊಡೋಣ’ ಎಂಬ ಸಾಲು. ಮಠದವರನ್ನು ವಿಚಾರಿಸಿದರೆ ಅವರಿಗೆ ಅದರ ಸುಳಿವೇ ಇರಲಿಲ್ಲ. ಸಮಿತಿಗೆ ವಿಳಾಸವಿರಲಿಲ್ಲ. ಕೋಡ್ ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಬರುತ್ತಿದ್ದುದು ಸಮಿತಿಯ ಹೆಸರಲ್ಲ, ನಾವು ಯಾರೂ ಕೇಳರಿಯದ ಒಬ್ಬ ವ್ಯಕ್ತಿಯ ಹೆಸರು. ಮನವಿಯಲ್ಲಿದ್ದ ಮೊಬೈಲ್ ಸಂಖ್ಯೆಗೆ ಕರೆ ಮಾಡಿದಾಗ ಮೊದಲು ಮರ್ಯಾದೆಯಿಂದ ಮಾತನಾಡಿದರು. ‘ಆ ತಾಯಿ ನಮ್ಮ ಮನೆಯವರು’ ಎಂದ ಕೂಡಲೇ ಕರೆ ಕಡಿದುಹೋಯಿತು, ಆಮೇಲೆ ಆ ಸಂಖ್ಯೆ ಬಂದ್ ಆಯಿತು.

ಹಣ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಊರಿನೊಳಗೆ. ಚಿತ್ರ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, ಚಿಗವ್ವನ ಹೆಸರಿನಲ್ಲಿ ಲಕ್ಷಗಟ್ಟಲೆ ಸೇರಿದೆ ಎಂಬ ಮಾತು ಹಬ್ಬಿತು. ಪರಿಹಾರ ಕೇಂದ್ರದಲ್ಲಿ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದ ನೆರೆಮನೆಯಾಕೆ ‘ನಿನಗೇನವ್ವ, ನಿನ್ನ ಮನೆ ಮೊಬೈಲಿನಲ್ಲೇ ಎದ್ದು ನಿಂತಿತು’ ಎಂದಳಂತೆ. ಹೊರಗಿನಿಂದ ಬಂದ ಒಂದು ತಂಡ ತಗಡಿನ ಶೆಡ್ ಹಾಕಿಕೊಡಲು ಕುಟುಂಬಗಳ ಪಟ್ಟಿ ಮಾಡಿತು. ‘ಈಕೆಗೆ ಆಗಲೇ ಸಾಕಷ್ಟು ಬಂದಿದೆ’ ಎಂದು ಯಾರೋ ಹೇಳಿದ್ದರಿಂದ ಚಿಗವ್ವನ ಹೆಸರು ಬಿಟ್ಟುಹೋಯಿತು. ಜೀವಮಾನದಲ್ಲಿ ಒಬ್ಬರ ಮುಂದೆ ಕೈ ಚಾಚದ ಹೆಣ್ಣುಮಗಳು ಅವಳು. ಕಾಕಾ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿ, ಹಾಲು ಹಾಕಿ ಮಗನನ್ನು ಓದಿಸಿದವಳು. ‘ತಮ್ಮಾ, ನಾನು ಯಾರನ್ನೂ ಕೇಳಲಿಲ್ಲ, ನನ್ನ ಮುಖ ತೋರಿಸಿ ಯಾಕೆ ಕೇಳಿದರು?’ ಎಂದು ಅವಳು ನನ್ನನ್ನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಸೈಬರ್ ಅಪರಾಧ ಠಾಣೆಗೆ ದೂರು ಕೊಟ್ಟೆವು. ಅಲ್ಲಿ ತಿಳಿದ ಒಂದು ಸಂಗತಿಯನ್ನು ಎಲ್ಲರೂ ಗಮನಿಸಬೇಕು. ಹಣ ಎಲ್ಲಿ ಹೋಯಿತು ಎಂದು ಹಿಂಬಾಲಿಸಲು ಹಣ ಕಳಿಸಿದವರ ವಹಿವಾಟಿನ ವಿವರ ಬೇಕು: ಯಾವ ದಿನ, ಯಾವ ಬ್ಯಾಂಕ್, ಯುಪಿಐ ವಹಿವಾಟಿಗೆ ಬರುವ 12 ಅಂಕಿಗಳ ಸಂಖ್ಯೆ. ನಮ್ಮ ಬಳಿ ಇದ್ದುದು ಚಿತ್ರ ಮಾತ್ರ. ಕಳಿಸಿದವರನ್ನು ಹುಡುಕಿ ಕೇಳಿಕೊಂಡೆವು. ‘ಐನೂರು ರೂಪಾಯಿಗೆ ಠಾಣೆ ಹತ್ತಬೇಕೇ, ಹೋದರೆ ಹೋಗಲಿ ಬಿಡಿ’ ಎಂದವರೇ ಹೆಚ್ಚು. ಮೋಸಗಾರನ ಬಲ ಇರುವುದೇ ಈ ಮಾತಿನಲ್ಲಿ. ಒಬ್ಬನಿಂದ ಐವತ್ತು ಸಾವಿರ ಕಸಿದರೆ ಅವನು ದೂರು ಕೊಡುತ್ತಾನೆ. ನೂರು ಜನರಿಂದ ಐನೂರರಂತೆ ಪಡೆದರೆ ಯಾರೂ ಕೊಡುವುದಿಲ್ಲ. ಬೆರಳೆಣಿಕೆಯ ಜನ ವಿವರ ಕೊಡುವ ಹೊತ್ತಿಗೆ ಆ ಖಾತೆ ಖಾಲಿಯಾಗಿತ್ತು.

ಎರಡನೆಯ ಮೋಸ ಇನ್ನೂ ಕ್ರೂರವಾದದ್ದು. ಅದರ ಬಗ್ಗೆ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ನಿಜವಾಗಿಯೂ ನೆರವಾಗಲು ಬಂದವರು ‘ಸಂತ್ರಸ್ತರ ಪಟ್ಟಿ ಕಳಿಸಿ, ನೇರವಾಗಿ ಖಾತೆಗೆ ಹಾಕುತ್ತೇವೆ’ ಎಂದಿದ್ದರು. ಊರಿನ ಹುಡುಗರು ಮನೆಮನೆಯ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಕಾರ್ಡ್, ಮೊಬೈಲ್ ಸಂಖ್ಯೆ ಎಲ್ಲವನ್ನೂ ಚಿತ್ರ ತೆಗೆದು ಗುಂಪಿಗೆ ಹಾಕಿದರು. ಗುಂಪಿನಿಂದ ಗುಂಪಿಗೆ ಅದು ಹರಿಯಿತು. ಕೆಲವೇ ದಿನಗಳಲ್ಲಿ ಪಟ್ಟಿಯಲ್ಲಿದ್ದವರಿಗೆ ಕರೆಗಳು ಬರತೊಡಗಿದವು. ಕರೆ ಮಾಡಿದವನು ಹೆಸರು ಹಿಡಿದು ಕರೆಯುತ್ತಿದ್ದ, ಬ್ಯಾಂಕಿನ ಶಾಖೆ ಹೇಳುತ್ತಿದ್ದ, ಖಾತೆ ಸಂಖ್ಯೆಯ ಕೊನೆಯ ಅಂಕಿಗಳನ್ನೂ ಹೇಳುತ್ತಿದ್ದ. ಇಷ್ಟೆಲ್ಲ ಗೊತ್ತಿರುವವನು ಕಚೇರಿಯವನೇ ಇರಬೇಕು ಎಂದು ಯಾರಾದರೂ ನಂಬುತ್ತಾರೆ. ‘ನಿಮ್ಮ ಪರಿಹಾರದ ಹಣ ತಡೆಹಿಡಿದಿದೆ, ಮೊಬೈಲಿಗೆ ಬಂದಿರುವುದನ್ನು ಒತ್ತಿ ಪಿನ್ ಹಾಕಿರಿ, ಜಮಾ ಆಗುತ್ತದೆ’ ಎಂದ. ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಇದು ಗೊತ್ತಿಲ್ಲದ ಒಬ್ಬ ಕೂಲಿಕಾರನ ಖಾತೆಯಿಂದ, ಸರ್ಕಾರ ತಕ್ಷಣದ ಪರಿಹಾರವೆಂದು ಕೊಟ್ಟಿದ್ದ 10,000 ರೂಪಾಯಿಯ ಬಹುಭಾಗ ಹೊರಟುಹೋಯಿತು. ಹೊಳೆ ಬಿಟ್ಟುಹೋದದ್ದನ್ನು ಇವರು ಒಯ್ದರು.

ಆ ಪಟ್ಟಿ ಹಾಕಿದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಹಗಲು ರಾತ್ರಿ ದುಡಿದವರು ಅವರು. ಆದರೆ ಕೇಳುವವರಿಗೆ ಬುದ್ಧಿ ಇರಬೇಕಿತ್ತು. ನೆರವಿನ ತಂಡ ನಡೆಸುವವರು ದಾಖಲೆಗಳನ್ನು ಗುಂಪಿನಲ್ಲಿ ಕೇಳಬಾರದು. ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಿ, ಅವರೊಬ್ಬರಿಂದ ಮಾತ್ರ ಪಡೆದು, ಕೆಲಸ ಮುಗಿದ ಮೇಲೆ ಅಳಿಸಬೇಕು.

2024ರ ಜುಲೈ ಕೊನೆಯಲ್ಲಿ ಘಟಪ್ರಭೆ ಮತ್ತೆ ಏರಿದಳು. ಗೋಕಾಕ ಮತ್ತು ಮುಧೋಳ ಭಾಗದ ತಗ್ಗಿನ ಊರುಗಳಿಗೆ ನೀರು ಬಂತು. ಅದರ ಬೆನ್ನಿಗೇ ಚಿಗವ್ವನ ಹಳೆಯ ಚಿತ್ರವೂ ಬಂತು, ‘ಇಂದು ಬೆಳಿಗ್ಗೆಯ ದೃಶ್ಯ’ ಎಂಬ ಬರಹದೊಂದಿಗೆ, ಹೊಸ ಕ್ಯೂಆರ್ ಕೋಡಿನೊಂದಿಗೆ. ಅಷ್ಟರಲ್ಲಿ ಸರ್ಕಾರದ ವಸತಿ ಪರಿಹಾರ ಹಂತ ಹಂತವಾಗಿ ಬಂದು, ಉಳಿದದ್ದಕ್ಕೆ ಸಾಲ ಮಾಡಿ, ಅವಳ ಮನೆ ಮೇಲೆದ್ದಿತ್ತು. ಮನೆಯ ಹೊಸಿಲಲ್ಲೇ ಕುಳಿತು ತನ್ನ ಬಿದ್ದ ಮನೆಯನ್ನು ಮೊಬೈಲಿನಲ್ಲಿ ನೋಡಬೇಕಾಯಿತು. ಈಗ ಆ ಚಿತ್ರವನ್ನು ಯಾರು ಯಾವ ರಾಜ್ಯದ ನೆರೆಗೆ ಬಳಸುತ್ತಾರೋ ಹೇಳಲಾಗದು. ಅದಕ್ಕಾಗಿಯೇ ಈ ಬರಹ.

ಹಾಗಾದರೆ ನೋಡುವುದು ಹೇಗೆ? ಎಲ್ಲಕ್ಕಿಂತ ಮೊದಲು, ಸ್ಕ್ಯಾನ್ ಮಾಡಿದಾಗ ಬರುವ ಹೆಸರನ್ನು ಓದಿ. ಮನವಿಯಲ್ಲಿ ಸಂಸ್ಥೆಯ ಹೆಸರಿದ್ದು ಪರದೆಯಲ್ಲಿ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಹೆಸರು ಸರಿ ಕಂಡರೂ ಅಕ್ಷರ ಅಕ್ಷರ ನೋಡಬೇಕು. 2020ರಲ್ಲಿ ಪಿಎಂ ಕೇರ್ಸ್ ನಿಧಿ ಆರಂಭವಾದಾಗ ಅದರ ನಿಜವಾದ ಯುಪಿಐ ವಿಳಾಸದಿಂದ ಕೊನೆಯ ‘ಎಸ್’ ಅಕ್ಷರವೊಂದನ್ನು ಬಿಟ್ಟು ನಕಲಿ ವಿಳಾಸ ಮಾಡಿದ್ದರು, ದೆಹಲಿ ಪೊಲೀಸರು ಅದನ್ನು ಪತ್ತೆ ಹಚ್ಚಿದರು. ಪ್ರಧಾನಿಯ ಹೆಸರಿನ ನಿಧಿಗೇ ಹೀಗೆ ಮಾಡಿದವರು ನಮ್ಮ ಊರಿನ ಸಮಿತಿಯ ಹೆಸರನ್ನು ಬಿಡುತ್ತಾರೆಯೇ? ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಡುವವರೂ ಸರ್ಕಾರದ ಜಾಲತಾಣದಲ್ಲಿರುವ ವಿವರವನ್ನೇ ಬಳಸಿ, ಯಾರೋ ಕಳಿಸಿದ ಚಿತ್ರದಲ್ಲಿರುವುದನ್ನಲ್ಲ.

‘80ಜಿ ತೆರಿಗೆ ವಿನಾಯಿತಿ ಉಂಟು’ ಎಂದು ಬರೆದಿದ್ದರೆ ಸಂಸ್ಥೆಯ ಪ್ಯಾನ್ ಮತ್ತು ನೋಂದಣಿ ಸಂಖ್ಯೆ ಕೇಳಿ. ವ್ಯಕ್ತಿಯೊಬ್ಬರ ಉಳಿತಾಯ ಖಾತೆಗೆ ಹಾಕಿದ ಹಣಕ್ಕೆ ಆ ವಿನಾಯಿತಿ ಸಿಗುವುದೇ ಇಲ್ಲ. ಅಮೆರಿಕದಲ್ಲೋ ಬೇರೆಲ್ಲೋ ನೆಲೆಸಿದ ನಮ್ಮವರಿಗೂ ಒಂದು ಮಾತು: ನೀವು ಅಲ್ಲಿನ ಪೌರತ್ವ ಪಡೆದಿದ್ದರೆ ನೀವು ನೆರವಿಗೆ ಕೊಡುವ ಹಣ ಕಾನೂನಿನ ಪ್ರಕಾರ ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಈ ತೊಡಕಿಲ್ಲ. ‘ಅದೆಲ್ಲ ನಡೆಯುತ್ತದೆ, ಹಾಕಿರಿ’ ಎನ್ನುವವರನ್ನು ನಂಬಬೇಡಿ.

ಎಲ್ಲ ಪರೀಕ್ಷೆಗಳಿಗಿಂತ ಗಟ್ಟಿಯಾದದ್ದು ಊರಿಗೆ ಒಂದು ಕರೆ. ಪಂಚಾಯಿತಿಯ ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಶಾಲೆಯ ಮುಖ್ಯೋಪಾಧ್ಯಾಯರು, ಹಾಲಿನ ಡೇರಿಯ ಕಾರ್ಯದರ್ಶಿ, ಇವರಲ್ಲಿ ಒಬ್ಬರಾದರೂ ಸಿಗುತ್ತಾರೆ. ಮನವಿಯಲ್ಲಿ ಊರಿನ ಹೆಸರೇ ಇಲ್ಲದೆ ಬರೀ ‘ಉತ್ತರ ಕರ್ನಾಟಕ’ ಎಂದಿದ್ದರೆ ಅದು ಊರಿನವರು ಬರೆದದ್ದಲ್ಲ. ನಮ್ಮವರು ಊರು, ಓಣಿ, ಹೊಳೆಯ ಹೆಸರು ಹೇಳದೆ ಮಾತನ್ನೇ ಆರಂಭಿಸುವುದಿಲ್ಲ.

ಸರಿಯಾಗಿ ಮಾಡಿದವರನ್ನೂ ನಾನು ಕಂಡಿದ್ದೇನೆ. ನಾನು ಓದಿದ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ 2019ರಲ್ಲಿ ಹಣ ಕೂಡಿಸಿತು. ಸಂಘ ನೋಂದಣಿಯಾಗಿತ್ತು, ಖಾತೆ ಸಂಘದ ಹೆಸರಿನಲ್ಲಿತ್ತು, ಹಣ ತೆಗೆಯಲು ಇಬ್ಬರ ಸಹಿ ಬೇಕಿತ್ತು. ಪ್ರತಿ ಸಂಜೆ ಖಾತೆಯ ವಿವರವನ್ನು ಗುಂಪಿಗೆ ಹಾಕುತ್ತಿದ್ದರು, ಕೊಟ್ಟವರ ಖಾತೆ ಸಂಖ್ಯೆ ಕಾಣದಂತೆ ಮರೆಮಾಡಿ. ಖರೀದಿಯ ಬಿಲ್ಲುಗಳನ್ನೂ ಹಾಕುತ್ತಿದ್ದರು. ಸಂಗ್ರಹ ಯಾವತ್ತು ನಿಲ್ಲುತ್ತದೆ ಎಂದು ಮೊದಲೇ ಹೇಳಿದ್ದರು, ಆ ದಿನ ನಿಲ್ಲಿಸಿದರು.

ಅವರು ಹಣ ಬಳಸಿದ ರೀತಿ ಇನ್ನೂ ಮೆಚ್ಚುವಂಥದ್ದು. ಮೊದಲ ವಾರ ಎಲ್ಲೆಡೆಯಿಂದ ಹಳೆಯ ಬಟ್ಟೆಗಳ ಮೂಟೆ ಬಂದು ಶಾಲೆಯ ಜಗುಲಿಯಲ್ಲಿ ರಾಶಿ ಬಿದ್ದಿತ್ತು, ಊಟದ ಪೊಟ್ಟಣ ಮಿಕ್ಕು ಹಳಸುತ್ತಿತ್ತು. ಸಂಘದವರು ಆಗ ಕೈ ಹಿಡಿದಿಟ್ಟುಕೊಂಡರು. ಕೆಸರು ಎತ್ತುವ ಸಲಿಕೆ, ಬುಟ್ಟಿ, ತಾಡಪತ್ರಿ, ಮೇವು ಇಷ್ಟಕ್ಕೆ ಮಾತ್ರ ಖರ್ಚು ಮಾಡಿದರು. ದೊಡ್ಡ ಪಾಲನ್ನು ಉಳಿಸಿಕೊಂಡು, ಎಲ್ಲರೂ ನೆರೆಯನ್ನು ಮರೆತ ಚಳಿಗಾಲದಲ್ಲಿ ಹೊರತೆಗೆದರು. ಸರ್ಕಾರದ ಮನೆ ಪರಿಹಾರದಲ್ಲಿ ಒಂದು ಹಂತದ ಕೆಲಸ ಮುಗಿದು ಅದರ ಚಿತ್ರ ದಾಖಲಾದ ಮೇಲೆಯೇ ಮುಂದಿನ ಕಂತು ಬರುತ್ತದೆ. ಕಂತು ಬರುವವರೆಗೆ ಸಿಮೆಂಟಿಗೆ, ಗೌಂಡಿಯ ಪಗಾರಕ್ಕೆ ಹಣವಿಲ್ಲದೆ ಎಷ್ಟೋ ಮನೆಗಳು ಅರ್ಧಕ್ಕೆ ನಿಂತಿದ್ದವು. ಸಂಘ ಆ ನಡುವಿನ ಹಣವನ್ನು ಕೊಟ್ಟಿತು. ಶೆಡ್ ಪಟ್ಟಿಯಲ್ಲಿ ಹೆಸರು ತಪ್ಪಿದ್ದ ಚಿಗವ್ವನ ಬಾಗಿಲು ಕಿಟಕಿಗಳು ಆದದ್ದು ಅದರಿಂದಲೇ.

ನೀವು ಈಗಾಗಲೇ ಅನುಮಾನದ ಖಾತೆಗೆ ಹಣ ಕಳಿಸಿದ್ದರೆ ಮೊತ್ತ ಸಣ್ಣದೆಂದು ಸುಮ್ಮನಿರಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. 2019ರಲ್ಲಿ ನಮಗೆ ಈ ಸಂಖ್ಯೆ ಇರಲಿಲ್ಲ. ಬೇಗ ತಿಳಿಸಿದಷ್ಟೂ ಹಣವನ್ನು ಎದುರಿನ ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು, ಹಾಗಾಗಿ ಆ ಗಂಟೆಯಲ್ಲೇ ಕರೆ ಮಾಡಿ. ಮನವಿಯ ಸ್ಕ್ರೀನ್‌ಶಾಟ್, ಅದನ್ನು ಕಳಿಸಿದವರ ಸಂಖ್ಯೆ, ವಹಿವಾಟಿನ ಸಂಖ್ಯೆ ಮೂರನ್ನೂ ಕಾಪಾಡಿಕೊಳ್ಳಿ. ಗುಂಪಿನಿಂದ ಮನವಿಯನ್ನು ಅಳಿಸುವ ಮೊದಲು ಗುಂಪಿನ ಮುಖ್ಯಸ್ಥರು ಇವನ್ನು ತೆಗೆದಿಟ್ಟುಕೊಳ್ಳಲಿ.

ನೆರೆಯ ಊರುಗಳಿಗೆ ಹೋಗಿ ಚಿತ್ರ ತೆಗೆಯುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಮನೆಯವರನ್ನು ಕೇಳಿಯೇ ತೆಗೆಯಿರಿ. ಮುಖ ಬೇಕಾಗಿಲ್ಲ, ಬಿದ್ದ ಗೋಡೆ ಸಾಕು. ಊರಿನ ಹೆಸರನ್ನೂ ದಿನಾಂಕವನ್ನೂ ಚಿತ್ರದ ನಟ್ಟನಡುವೆ, ಕತ್ತರಿಸಿ ತೆಗೆಯಲಾಗದಂತೆ ದೊಡ್ಡದಾಗಿ ಬರೆದು ಕಳಿಸಿ.