ಆಕ್ಯುಪಂಕ್ಚರ್ ಕ್ಲಿನಿಕ್‌ಗಳು: ಹತ್ತು ಸಿಟ್ಟಿಂಗ್‌ಗೆ ದುಡ್ಡು ಕಟ್ಟುವ ಮುಂಚೆ

ನಮ್ಮ ಕಡೆ ಸೂಜಿ ಚಿಕಿತ್ಸೆ ಹೆಚ್ಚಾಗಿ ಸಿಗುವುದು ಮೂರು ಜಾಗದಲ್ಲಿ: ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆ, ಖಾಸಗಿ ಕ್ಲಿನಿಕ್, ಛತ್ರದಲ್ಲಿ ನಡೆಯುವ ಶಿಬಿರ. ಮೊದಲನೆಯದಕ್ಕೆ ನಮ್ಮ ಓಟು. ಎರಡನೆಯದರಲ್ಲಿ ಎಲ್ಲವೂ ಸೂಜಿ ಹಿಡಿದವರ ಮೇಲೆ ನಿಂತಿದೆ. ಮೂರನೆಯದು ಬೇಡ. ಸಾಲಾಗಿ ಜನರನ್ನು ಕೂರಿಸಿದ ಕಡೆ ಯಾರ ಮೈಯಲ್ಲಿ ಎಷ್ಟು ಸೂಜಿ ಉಳಿದಿದೆ ಎಂದು ಲೆಕ್ಕ ಇಡುವುದೇ ಕಷ್ಟ. ಮರುದಿನ ತೊಂದರೆಯಾದರೆ ಕೇಳೋಣವೆಂದರೆ ಡಾಕ್ಟರು ಊರಲ್ಲೇ ಇರುವುದಿಲ್ಲ.

ಆಕ್ಯುಪಂಕ್ಚರನ್ನು ಕೇಂದ್ರ ಸರ್ಕಾರ 2019ರಲ್ಲಿ ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಒಪ್ಪಿಕೊಂಡಿತು. ಮಹಾರಾಷ್ಟ್ರದಲ್ಲಿ ಇದಕ್ಕೇ ಕಾಯ್ದೆ, ಕೌನ್ಸಿಲ್ ಎರಡೂ ಇವೆ. ಕರ್ನಾಟಕದಲ್ಲಿ ನಂಬಬಹುದಾದ ದಾರಿ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಆ ಕೋರ್ಸಿನಲ್ಲಿ ಆಕ್ಯುಪಂಕ್ಚರ್ ಪಾಠವೂ ಸೇರಿದೆ. ಬರೀ ಡಿಪ್ಲೊಮಾ ಇದ್ದವರಾದರೆ ರೋಗಿಗಳ ಮೇಲೆ, ಹಿರಿಯರ ಕಣ್ಣೆದುರು ಎಷ್ಟು ಗಂಟೆ ಕಲಿತಿದ್ದೀರಿ ಎಂದು ಕೇಳಿ. ವೈದ್ಯರಲ್ಲದವರಿಗೆ ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದ ಪೂರ್ಣ ತರಬೇತಿ 2500 ಗಂಟೆ. ಆನ್‌ಲೈನಿನಲ್ಲಿ ಕೆಲವು ವಾರ ಕೂತು ತಂದ ಸರ್ಟಿಫಿಕೇಟಿಗೆ ಎಷ್ಟು ದೊಡ್ಡ ಫ್ರೇಮು ಹಾಕಿಸಿದರೂ ಅಷ್ಟೇ.

ಇನ್ನು ಸೂಜಿ. ಮಾಮೂಲಾಗಿ ಬಳಸುವುದು 0.25 ಮಿ.ಮೀ. ದಪ್ಪದ, 25 ಅಥವಾ 40 ಮಿ.ಮೀ. ಉದ್ದದ ಸ್ಟೀಲ್ ಸೂಜಿ. ಇಂಜೆಕ್ಷನ್ ಸೂಜಿಯ ಅರ್ಧ ದಪ್ಪ, ಒಳಗೆ ತೂತಿಲ್ಲ. ಪ್ಯಾಕೆಟ್ಟನ್ನು ನಿಮ್ಮೆದುರೇ ಹರಿಯಬೇಕು. ಅದರ ಮೇಲೆ ಸ್ಟೆರೈಲ್ ಎಂದೂ ಲಾಟ್ ನಂಬರು, ಎಕ್ಸ್‌ಪೈರಿ ತಾರೀಖೂ ಇರಬೇಕು. ಕುದಿಸಿದ್ದೇವೆ, ಸ್ಪಿರಿಟ್‌ನಲ್ಲಿ ಅದ್ದಿಟ್ಟಿದ್ದೇವೆ ಎಂದರೆ ಚಪ್ಪಲಿ ಮೆಟ್ಟಿ ಹೊರಡಿ, ಹೆಪಟೈಟಿಸ್ ಬಿ ಹಾಗೆಲ್ಲ ಸುಮ್ಮನಾಗುವ ವೈರಸ್ಸಲ್ಲ. ತೆಗೆದ ಸೂಜಿ ಬೀಳಬೇಕಾದದ್ದು ತೂತು ಬೀಳದ ಬಿಳಿ ಡಬ್ಬಿಗೆ. ಹಾಕುವಾಗ ಎಣಿಸಿದವರು ತೆಗೆಯುವಾಗಲೂ ಎಣಿಸುತ್ತಾರೆ. ಕೂದಲ ಮರೆಯಲ್ಲಿ, ಕಿವಿಯ ಹಿಂದೆ ಸೂಜಿ ಉಳಿದುಬಿಡುವುದುಂಟು.

ಕೈಚಳಕ ಗೊತ್ತಾಗುವುದು ಜಾಗ ಹುಡುಕುವಾಗ. ಸೂಜಿ ಚುಚ್ಚುವ ಪ್ರತಿ ಬಿಂದುವಿಗೂ ಒಂದು ಸಂಕೇತವಿದೆ. ಮಂಡಿ ಕೆಳಗಿನ ಹೆಸರುವಾಸಿ ಬಿಂದು ಎಸ್‌ಟಿ 36 ಇರುವುದು ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮೊಳಕಾಲ ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ. ಈ ಬೆರಳು ರೋಗಿಯದು, ಡಾಕ್ಟರದ್ದಲ್ಲ. ತನ್ನ ದಪ್ಪ ಬೆರಳಿಟ್ಟು ಸಣಕಲು ಕಾಲನ್ನು ಅಳೆಯುವವರ ಸೂಜಿ ಬೇರೆಲ್ಲೋ ಇಳಿಯುತ್ತದೆ. ಸರಿಯಾಗಿ ಇಳಿದರೆ ಮಂದವಾಗಿ ನೋಯುತ್ತದೆ, ಭಾರವೆನಿಸುತ್ತದೆ, ಜೋಮು ಹಿಡಿದಂತಾಗುತ್ತದೆ. ಕರೆಂಟು ಹೊಡೆದಂತೆ ಚುರುಕ್ಕೆಂದರೆ ನರಕ್ಕೆ ತಾಗಿದೆ ಎಂದೇ ಲೆಕ್ಕ. ಬಾಯಿಬಿಟ್ಟು ಹೇಳಿ, ಸೂಜಿ ತಕ್ಷಣ ಹಿಂದೆ ಬರಬೇಕು. ಆಮೇಲೆ 20-30 ನಿಮಿಷ ಅಲ್ಲಾಡದೆ ಮಲಗುವುದು.

ಹೆಗಲ ಮೇಲಿನ ಬಿಂದು ಜಿಬಿ 21ರ ಬಗ್ಗೆ ಎರಡು ಮಾತು. ಕತ್ತುನೋವಿಗೆ ಎಲ್ಲರೂ ಮುಟ್ಟುವ ಜಾಗವಿದು, ಕೆಳಗೇ ಶ್ವಾಸಕೋಶದ ತುದಿ. ತೆಳ್ಳಗಿನವರಿಗೆ ಇಲ್ಲಿ ನೇರವಾಗಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶ ತೂತಾಗಬಹುದು. ಚುಚ್ಚಿಸಿಕೊಂಡು ಬಂದ ಮೇಲೆ ಎದೆನೋವು, ಏದುಸಿರು ಬಂದರೆ ಸೀದಾ ಎಮರ್ಜೆನ್ಸಿಗೆ, ಅದು ಮರುದಿನವಾದರೂ ಸರಿ. ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಪೇಸ್‌ಮೇಕರ್ ಈ ಮೂರನ್ನೂ ಕೇಳದೆ ಸೂಜಿ ಎತ್ತಿಕೊಂಡವರ ಹತ್ತಿರ ಮಲಗಬೇಡಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟು ಕೊಡುವ ಎಲೆಕ್ಟ್ರೋ ಆಕ್ಯುಪಂಕ್ಚರ್ ಬೇಡವೇ ಬೇಡ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ತಲೆಸುತ್ತು ಬರುತ್ತದೆ.

ಫಲದ ಮಾತಿಗೆ ಬಂದರೆ, ಅರೆತಲೆನೋವು ತಡೆಯಲು, ಯಾವ ಚಿಕಿತ್ಸೆ ಕೊಡಬಹುದೆಂದು ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 5-8 ವಾರಗಳಲ್ಲಿ 10 ಸಿಟ್ಟಿಂಗ್‌ವರೆಗೆ ಒಪ್ಪುತ್ತದೆ, ಅದೂ ಮಾತ್ರೆ ಒಗ್ಗದಿದ್ದರೆ. ಸೊಂಟನೋವಿಗೆ ಅದೇ ಸಂಸ್ಥೆ ಬೇಡ ಎಂದಿತು. ಅಮೆರಿಕದ ವೈದ್ಯರ ಸಂಘಟನೆ ಎಸಿಪಿ 2017ರಲ್ಲಿ ಆಗಬಹುದು ಎಂದಿತು. ಪ್ರಯೋಗಗಳಲ್ಲಿ ಚುಚ್ಚಿದಂತೆ ನಟಿಸುವ ಸುಳ್ಳು ಸೂಜಿಗೆ ಹೋಲಿಸಿದಾಗ ಅಸಲಿಯ ಲಾಭ ಸಣ್ಣದೇ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಬೇರುಸಮೇತ ಹೋಗುತ್ತದೆ, ಮಾತ್ರೆ ಬಿಡಿ ಎನ್ನುವವರ ಮಾತು ಕೇಳಬೇಡಿ.

ಮುಂಗಡ ಪ್ಯಾಕೇಜಿಗೆ ನಮ್ಮ ಓಟಿಲ್ಲ. ಪ್ರತಿ ಸಲ ಅವತ್ತಿನದು ಅವತ್ತೇ ಕೊಟ್ಟು, ನೋವಿಗೆ ಹತ್ತಕ್ಕೆ ಎಷ್ಟು ಎಂದು ಬರೆದಿಡಿ. ಆರನೇ ಸಿಟ್ಟಿಂಗ್ ಮುಗಿದರೂ ಆ ಅಂಕಿ ಇಳಿಯದಿದ್ದರೆ ಏಳನೆಯದಕ್ಕೆ ಹೋಗಬೇಡಿ.